ಸಾಯದೇ ಉಳಿದದ್ದೇ ಪವರ್ಸ್ ತಪ್ಪೇ?

1960ರ ಮೇ 1. ಪೆಶಾವರದಿಂದ ಹಾರಿದ್ದ ಅಮೆರಿಕದ ಯು-2 ಬೇಹುಗಾರಿಕಾ ವಿಮಾನ ಸೋವಿಯತ್ ನೆಲದ ಮೇಲೆ, ಸುಮಾರು 70 ಸಾವಿರ ಅಡಿ ಎತ್ತರದಲ್ಲಿತ್ತು. ಸ್ವೆರ್ದ್‌ಲೋವ್ಸ್ಕ್ ಸಮೀಪ ಕ್ಷಿಪಣಿ ಸಿಡಿದು ವಿಮಾನ ಗಿರಕಿ ಹೊಡೆಯುತ್ತ ಕುಸಿಯತೊಡಗಿತು.

ಒಳಗಿದ್ದವರು ಫ್ರಾನ್ಸಿಸ್ ಗ್ಯಾರಿ ಪವರ್ಸ್ ಒಬ್ಬರೇ. 1929ರಲ್ಲಿ ಕೆಂಟಕಿಯಲ್ಲಿ ಜನಿಸಿ, ವಾಯುಪಡೆಯಿಂದ ಸಿಐಎ ಕೆಲಸಕ್ಕೆ ಬಂದವರು. ಕ್ಯಾಮೆರಾ ನಾಶಪಡಿಸುವ ಸ್ಫೋಟಕದ ಸ್ವಿಚ್ ಒತ್ತಿದರೆ ಪಾರಾಗಲು ದೊರೆಯುತ್ತಿದ್ದುದು 70 ಸೆಕೆಂಡು. ಆಸನಸಮೇತ ಚಿಮ್ಮಿದರೆ ಕಾಲುಗಳೇ ತುಂಡಾಗುವ ಭೀತಿ. ಹೀಗಾಗಿ ಮೊದಲು ಮೇಲ್ಗವಸು ತೆರೆದರು. ಗಾಳಿ ಅವರನ್ನು ಹೊರಗೆಳೆಯಿತು. ಆಮ್ಲಜನಕದ ಕೊಳವೆಗೆ ಸಿಲುಕಿ ಜೋತಾಡುತ್ತಿದ್ದಾಗ ಸ್ವಿಚ್ ಕೈಗೆಟುಕಲಿಲ್ಲವೆಂಬುದು ಅವರ ವಿವರಣೆ.

ಪೈಲಟ್ ಸತ್ತಿರಬಹುದೆಂದು ನಂಬಿದ ಅಮೆರಿಕ, ಅದು ಹವಾಮಾನ ವಿಮಾನವೆಂದಿತು. ಪೈಲಟ್ ಜೀವಂತವಿರುವುದನ್ನು ಕ್ರುಶ್ಚೇವ್ ಬಹಿರಂಗಪಡಿಸಿದಾಗ ಸುಳ್ಳು ಬಯಲಾಯಿತು. ಮಾಸ್ಕೋ ನ್ಯಾಯಾಲಯ 10 ವರ್ಷ ಶಿಕ್ಷೆ ವಿಧಿಸಿತು. 1962ರ ಫೆಬ್ರುವರಿಯಲ್ಲಿ ಸೋವಿಯತ್ ಗೂಢಚಾರ ರುಡಾಲ್ಫ್ ಏಬಲ್‌ಗೆ ಬದಲಾಗಿ ಬಿಡುಗಡೆ ದೊರೆಯಿತು.

ತಾಯ್ನಾಡಿನಲ್ಲಿ ಕಾದಿದ್ದುದು ಅನುಮಾನ. ವಿಮಾನವನ್ನೇಕೆ ಸ್ಫೋಟಿಸಲಿಲ್ಲ, ಜೊತೆಗಿದ್ದ ವಿಷಸೂಜಿಯನ್ನೇಕೆ ಚುಚ್ಚಿಕೊಳ್ಳಲಿಲ್ಲ ಎಂದು ಕೇಳಿದವರುಂಟು. ವಾಸ್ತವವಾಗಿ ಸೂಜಿಯ ಬಳಕೆ ಅವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಅದೇ ವರ್ಷ ತನಿಖೆ ಅವರನ್ನು ದೋಷಮುಕ್ತಗೊಳಿಸಿದರೂ ಕಳಂಕ ಸುಲಭವಾಗಿ ಅಳಿಯಲಿಲ್ಲ.

1977ರ ಆಗಸ್ಟ್ 1ರಂದು ಲಾಸ್ ಏಂಜಲೀಸ್‌ನಲ್ಲಿ, ಟಿವಿ ಸುದ್ದಿವಾಹಿನಿಯ ಹೆಲಿಕಾಪ್ಟರ್ ಇಂಧನ ಮುಗಿದು ಪತನಗೊಂಡಾಗ ಪವರ್ಸ್ ಮೃತಪಟ್ಟರು. ಶೌರ್ಯಕ್ಕಾಗಿ ಸಿಲ್ವರ್ ಸ್ಟಾರ್ ಪದಕ ಬಂದದ್ದು 2012ರಲ್ಲಿ.