ಯುದ್ಧಕ್ಕೆ ಎರಡು ಬಾರಿ ಬೇಡವೆಂದ ಜೆನೆಟ್ ರಾಂಕಿನ್

ಜಪಾನ್ ವಿರುದ್ಧ ಯುದ್ಧ ಘೋಷಿಸುವ ನಿರ್ಣಯ 1941ರ ಡಿಸೆಂಬರ್ 8ರಂದು ಅಮೆರಿಕದ ಪ್ರತಿನಿಧಿ ಸಭೆಯ ಮುಂದೆ ಬಂದಾಗ ಪರವಾಗಿ ಬಿದ್ದ ಮತಗಳು 388, ವಿರುದ್ಧ ಬಿದ್ದದ್ದು ಒಂದೇ. ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದು ಒಂದು ದಿನ ಕಳೆದಿತ್ತಷ್ಟೆ. ಆ ಏಕೈಕ ಮತ ಮೊಂಟಾನ ರಾಜ್ಯದ ರಿಪಬ್ಲಿಕನ್ ಸದಸ್ಯೆ, 61 ವರ್ಷದ ಜೆನೆಟ್ ರಾಂಕಿನ್ ಅವರದು. ಕಲಾಪ ಮುಗಿದ ಮೇಲೆ ರೊಚ್ಚಿಗೆದ್ದ ಜನ ಬೆನ್ನಟ್ಟಿದ್ದರಿಂದ ಅವರು ಟೆಲಿಫೋನ್ ಬೂತ್ ಹೊಕ್ಕು ಪೊಲೀಸರನ್ನು ಕರೆಸಿಕೊಳ್ಳಬೇಕಾಯಿತು.

ಯುದ್ಧಕ್ಕೆ ಅವರು ಒಪ್ಪಿಗೆ ನಿರಾಕರಿಸಿದ್ದು ಅದೇ ಮೊದಲೇನಲ್ಲ.

1880ರ ಜೂನ್ 11ರಂದು ಮೊಂಟಾನದ ಮಿಜೂಲಾ ಸಮೀಪ ಜನಿಸಿದ ರಾಂಕಿನ್, ಜೀವಶಾಸ್ತ್ರದಲ್ಲಿ ಪದವಿ ಪಡೆದು ಸಮಾಜಸೇವೆಯ ಹಾದಿಯಿಂದ ಮಹಿಳಾ ಮತದಾನದ ಹೋರಾಟಕ್ಕೆ ಬಂದವರು. ಮೊಂಟಾನದ ಮಹಿಳೆಯರಿಗೆ 1914ರಲ್ಲಿ ಮತದ ಹಕ್ಕು ದೊರೆಯಿತು. ಎರಡೇ ವರ್ಷಗಳಲ್ಲಿ ಅವರು ಅಮೆರಿಕ ಕಾಂಗ್ರೆಸ್‌ಗೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿದರು. ದೇಶದ ಬಹುತೇಕ ರಾಜ್ಯಗಳಲ್ಲಿ ಹೆಣ್ಣುಮಕ್ಕಳಿಗೆ ಇನ್ನೂ ಮತದ ಹಕ್ಕೇ ಇಲ್ಲದ ಕಾಲವದು.

1917ರ ಏಪ್ರಿಲ್ 2ರಂದು ಅವರು ಸದನ ಪ್ರವೇಶಿಸಿದರು. ಅದೇ ದಿನ ಅಧ್ಯಕ್ಷ ವುಡ್ರೋ ವಿಲ್ಸನ್ ಜರ್ಮನಿಯ ಮೇಲೆ ಯುದ್ಧ ಸಾರುವಂತೆ ಕಾಂಗ್ರೆಸ್ಸನ್ನು ಕೋರಿದರು. ಮಹಿಳಾ ಹೋರಾಟದ ಸಂಗಾತಿಗಳಲ್ಲೇ ಕೆಲವರು, ವಿರೋಧ ಮತದಿಂದ ಚಳವಳಿಗೆ ಧಕ್ಕೆಯಾದೀತೆಂದು ಹೆದರಿದ್ದರು. ಮೊದಲ ಬಾರಿ ಹೆಸರು ಕೂಗಿದಾಗ ರಾಂಕಿನ್ ಸುಮ್ಮನಿದ್ದರು; ಎರಡನೆಯ ಬಾರಿ ಎದ್ದು ವಿರುದ್ಧ ಮತ ನೀಡಿದರು. ಸದನದ ಬಹುಮತ ಪಕ್ಷದ ನಾಯಕ ಕ್ಲಾಡ್ ಕಿಚಿನ್ ಸೇರಿದಂತೆ ಒಟ್ಟು 50 ಮಂದಿ ಅಂದು ಯುದ್ಧವನ್ನು ವಿರೋಧಿಸಿದ್ದರು. ಆದರೂ ಪತ್ರಿಕೆಗಳ ಕಣ್ಣು ನೆಟ್ಟದ್ದು ಆಕೆ ಅತ್ತರೇ ಇಲ್ಲವೇ ಎಂಬುದರ ಮೇಲೆ! ಉಳಿದ 49 ಪುರುಷರ ಬಗ್ಗೆ ಅಂತಹ ಕುತೂಹಲ ಕಾಣಲಿಲ್ಲ. 1918ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿದ ಅವರು ಸೋತರು.

ಎರಡು ಮತಗಳ ನಡುವಿನ ಎರಡು ದಶಕಗಳೇ ಅವರ ಬದುಕಿನ ತಿರುಳು. 1919ರಲ್ಲಿ ಜ್ಯೂರಿಕ್‌ನಲ್ಲಿ ನಡೆದ ಮಹಿಳಾ ಶಾಂತಿ ಸಮ್ಮೇಳನದಲ್ಲಿ ಅವರು ಪಾಲ್ಗೊಂಡರು. ವರ್ಸೇಲ್ಸ್ ಒಪ್ಪಂದದ ಷರತ್ತುಗಳು ಮತ್ತೊಂದು ಯುದ್ಧಕ್ಕೆ ಬೀಜ ಬಿತ್ತುತ್ತವೆಂದು ಆ ಸಮ್ಮೇಳನ ಎಚ್ಚರಿಸಿತ್ತು. ಬಳಿಕ ಜಾರ್ಜಿಯಾದ ಹಳ್ಳಿಯೊಂದರಲ್ಲಿ, ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಇಲ್ಲದ ಪುಟ್ಟ ಮನೆಯಲ್ಲಿ ನೆಲೆಸಿದರು. 1929ರಿಂದ ಸುಮಾರು ಹತ್ತು ವರ್ಷ ಯುದ್ಧ ನಿವಾರಣೆಯ ರಾಷ್ಟ್ರೀಯ ಮಂಡಳಿಯ ಪರವಾಗಿ ವಾಷಿಂಗ್ಟನ್‌ನಲ್ಲಿ ಶಾಸಕರನ್ನು ಕಂಡು, ಸಮಿತಿಗಳ ಮುಂದೆ ಸಾಕ್ಷ್ಯ ನುಡಿದರು. ವಿವಾದಗಳು ಮಾತುಕತೆಯಲ್ಲಿ ಬಗೆಹರಿಯಬೇಕು, ಸೇನೆಯ ಕೆಲಸ ಸ್ವಂತ ತೀರದ ರಕ್ಷಣೆಗೆ ಸೀಮಿತವಾಗಬೇಕು ಎಂಬುದು ಅವರ ವಾದವಾಗಿತ್ತು.

1940ರಲ್ಲಿ ಮೊಂಟಾನ ಅವರನ್ನು ಮತ್ತೆ ಆರಿಸಿತು. ಕಾಂಗ್ರೆಸ್ಸಿನ ನಿರ್ದಿಷ್ಟ ಒಪ್ಪಿಗೆಯಿಲ್ಲದೆ ಸೈನಿಕರನ್ನು ಹೊರದೇಶಕ್ಕೆ ಕಳುಹಿಸಬಾರದೆಂದು 1941ರ ಫೆಬ್ರುವರಿಯಲ್ಲಿ ಅವರು ತಂದ ತಿದ್ದುಪಡಿ ಬಿದ್ದುಹೋಯಿತು. ಡಿಸೆಂಬರ್‌ನಲ್ಲಿ ಮಾತನಾಡಲು ಎದ್ದಾಗ ಸ್ಪೀಕರ್ ಸ್ಯಾಮ್ ರೇಬರ್ನ್ ಅವಕಾಶವನ್ನೇ ಕೊಡಲಿಲ್ಲ. ದೇಶದ ಮೇಲೆ ದಾಳಿಯಾದ ಮರುದಿನದ ಆ ಮತವನ್ನು ಸಮರ್ಥಿಸುವುದು ಇಂದಿಗೂ ಸುಲಭವಲ್ಲ. ಆದರೆ ಆ ಘಳಿಗೆ ಬಾರದಿರಲೆಂದು ವರ್ಷಗಟ್ಟಲೆ ಶಾಸಕರ ಬಾಗಿಲು ತಟ್ಟಿದವರೂ ಅವರೇ ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಮೊಂಟಾನದ ಜನರೆಲ್ಲ ನಿನ್ನ ವಿರುದ್ಧವಾಗಿದ್ದಾರೆಂದು ಸೋದರ ವೆಲಿಂಗ್ಟನ್ ತಿಳಿಸಿದರು. 1942ರಲ್ಲಿ ಅವರು ಸ್ಪರ್ಧಿಸಲಿಲ್ಲ. ನಿರ್ಗಮಿಸುವ ಮುನ್ನ, ಜಪಾನ್ ಮೇಲಿನ ಆರ್ಥಿಕ ನಿರ್ಬಂಧಗಳೇ ಯುದ್ಧಕ್ಕೆ ದಾರಿಯಾದವೇ ಎಂಬ ಪ್ರಶ್ನೆಯನ್ನು ಸದನದ ಕಡತಕ್ಕೆ ಸೇರಿಸಿದರು.

ಗಾಂಧೀಜಿಯವರ ಅಹಿಂಸೆಯಿಂದ ಆಕರ್ಷಿತರಾಗಿ 1946ರಿಂದ 1971ರವರೆಗೆ ಏಳು ಬಾರಿ ಭಾರತಕ್ಕೆ ಬಂದರು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ, 1968ರ ಜನವರಿ 15ರಂದು, ಅವರದೇ ಹೆಸರಿನ ತಂಡದಲ್ಲಿ ಸಾವಿರಾರು ಮಹಿಳೆಯರು ವಾಷಿಂಗ್ಟನ್‌ನಲ್ಲಿ ಮೆರವಣಿಗೆ ನಡೆಸಿದರು. 87ರ ರಾಂಕಿನ್ ಮುಂಚೂಣಿಯಲ್ಲಿದ್ದು ಸ್ಪೀಕರ್ ಜಾನ್ ಮೆಕಾರ್ಮಕ್ ಅವರಿಗೆ ಮನವಿ ಸಲ್ಲಿಸಿದರು. ಮೂರನೆಯ ಬಾರಿಗೆ ಪ್ರತಿನಿಧಿ ಸಭೆಗೆ ನಿಲ್ಲುವ ಯೋಚನೆಯೂ ಅವರಿಗಿತ್ತು; ಗಂಟಲಿನ ಬೇನೆ ಬಿಡಲಿಲ್ಲ. 1973ರ ಮೇ 18ರಂದು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ನಿಧನರಾದರು.