ಮರಿಯ ಪುತ್ರಿಯರ ಸಂಘದಲ್ಲಿ ಸಂತ ತೆರೇಸಮ್ಮನವರು

ಧರ್ಮಕೇಂದ್ರವೊಂದರ ನೂರು ವರ್ಷಗಳನ್ನು ಸ್ಮರಿಸುವಾಗ ನಮ್ಮ ಕಣ್ಣ ಮುಂದೆ ಸುಳಿಯುವುದು ದೇವಾಲಯದ ಗೋಪುರ, ಗಂಟೆಗಳಷ್ಟೇ ಅಲ್ಲ. ಕೊರಳಿಗೆ ನೀಲಿ ಪಟ್ಟಿಯನ್ನೂ ಎದೆಯ ಮೇಲೆ ಮಾತೆ ಮರಿಯಮ್ಮನವರ ಪದಕವನ್ನೂ ಧರಿಸಿ, ಜಪಸರ ಹಿಡಿದು ಮೆರವಣಿಗೆಯಲ್ಲಿ ಸಾಲಾಗಿ ನಡೆಯುವ ಶಾಲಾಬಾಲಿಕೆಯರ ಚಿತ್ರವೂ ಅದರೊಡನೆ ಮೂಡುತ್ತದೆ. ಆ ಪದಕಕ್ಕಾಗಿ, ತಾನು ಕಣ್ಣೀರಿಟ್ಟು ತೊರೆದಿದ್ದ ಶಾಲೆಗೆ ಮರಳಿ ಹೋಗಿ ಒಂಟಿಯಾಗಿ ಕುಳಿತ ಬಾಲಿಕೆಯೊಬ್ಬಳ ಕಥೆಯನ್ನು ಇಲ್ಲಿ ನಿರೂಪಿಸಬಯಸುತ್ತೇವೆ. ಆಕೆಯೇ ಇಂದು ನಾವು ಬಾಲಯೇಸುವಿನ ಸಂತ ತೆರೇಸಮ್ಮನವರೆಂದು ಗೌರವಿಸುವ ಪುಣ್ಯವತಿ.

ವಿದ್ಯಾರ್ಥಿಗಳ ಮರಿಯ ಸಂಘಗಳಿಗೆ ದೀರ್ಘ ಇತಿಹಾಸವಿದೆ. 1563ರಲ್ಲಿ ರೋಮ್ ನಗರದ ಯೇಸುಸಭೆಯ ಕಾಲೇಜಿನಲ್ಲಿ ಯಾನ್ ಲ್ಯೂನಿಸ್ ಎಂಬ ತರುಣ ಅಧ್ಯಾಪಕರು ತಮ್ಮ ಶಿಷ್ಯರನ್ನು ಕೂಡಿಸಿ ಮೊದಲ ಸೊಡಾಲಿಟಿಯನ್ನು ಕಟ್ಟಿದರು. 1830ರಲ್ಲಿ ಪ್ಯಾರಿಸ್ ನಗರದಲ್ಲಿ ಸಂತ ಕ್ಯಾಥರಿನ್ ಲಬೂರೆಯವರಿಗೆ ಮಾತೆಯ ದರ್ಶನವಾದ ಬಳಿಕ ಬಾಲಿಕೆಯರ ನಡುವೆ ಮರಿಯ ಪುತ್ರಿಯರ ಸಂಘ ಬೆಳೆಯಿತು. 1847ರಲ್ಲಿ ಜಗದ್ಗುರು ಒಂಬತ್ತನೆಯ ಪಿಯುಸರು ಅದಕ್ಕೆ ಅನುಮೋದನೆಯಿತ್ತರು. ಕನ್ಯಾಸ್ತ್ರೀಯರ ಶಾಲೆಗಳಲ್ಲಿ ಈ ಸಂಘಕ್ಕೆ ಸೇರುವುದು ವಿದ್ಯಾರ್ಥಿನಿಗೆ ದೊರೆಯುವ ದೊಡ್ಡ ಗೌರವವೆನಿಸಿತು.

ತೆರೇಸಾ ಮಾರ್ತೆನ್ 1873ರ ಜನವರಿ 2ರಂದು ಫ್ರಾನ್ಸಿನ ಅಲಾನ್ಸೋನ್ ಪಟ್ಟಣದಲ್ಲಿ ಜನಿಸಿದಳು. ತಂದೆ ಲೂಯಿ ಗಡಿಯಾರದ ಕುಶಲಕರ್ಮಿ. ತಾಯಿ ಝೆಲಿ ಕಸೂತಿಜಾಲರಿಯ ಉದ್ಯಮ ನಡೆಸುತ್ತಿದ್ದ ಗೃಹಿಣಿ. ಬದುಕುಳಿದ ಐವರು ಹೆಣ್ಣುಮಕ್ಕಳಲ್ಲಿ ಈಕೆಯೇ ಕಿರಿಯಳು. ನಾಲ್ಕೂವರೆ ವರ್ಷದ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವನ್ನು ಅಕ್ಕಂದಿರು ಸಾಕಿದರು. ಕುಟುಂಬವು ಲಿಸ್ಯು ಪಟ್ಟಣಕ್ಕೆ ಬಂದು ನೆಲೆಸಿತು.

1881ರ ಅಕ್ಟೋಬರ್‌ನಲ್ಲಿ ತೆರೇಸಾಳನ್ನು ಅಲ್ಲಿನ ಬೆನೆಡಿಕ್ಟೀನ ಕನ್ಯಾಸ್ತ್ರೀಯರ ಮಠದ ಶಾಲೆಗೆ ಸೇರಿಸಲಾಯಿತು. ಎಂಟೂವರೆ ವರ್ಷದ ಹುಡುಗಿ ತನಗಿಂತ ಹಿರಿಯರಿದ್ದ ತರಗತಿಯಲ್ಲಿ ಕುಳಿತಳು. ಪಾಠದಲ್ಲಿ ಅವರನ್ನು ಮೀರಿಸಿದಳು. ಅದೇ ಆಕೆಯ ಸಂಕಟಕ್ಕೆ ಕಾರಣವಾಯಿತು. ಹಿರಿಯಳಾದ ಸಹಪಾಠಿಯೊಬ್ಬಳು ಅಸೂಯೆಯಿಂದ ಕಾಡಿದಳು. ಎದುರುತ್ತರ ನೀಡಲರಿಯದ ತೆರೇಸಾ ಮೌನವಾಗಿ ಅತ್ತಳು. ಆಟದಲ್ಲಿ ಚುರುಕಿಲ್ಲದ ಈಕೆ ಬಿಡುವಿನ ವೇಳೆಯಲ್ಲಿ ಕಥೆ ಹೇಳುತ್ತಲೋ, ಮರದಡಿ ಬಿದ್ದ ಸತ್ತ ಹಕ್ಕಿಗಳನ್ನು ಮಣ್ಣು ಮಾಡುತ್ತಲೋ ಕಾಲ ಕಳೆಯುತ್ತಿದ್ದಳು. ಆ ಶಾಲೆಯ ಐದು ವರ್ಷಗಳು ತನ್ನ ಬಾಳಿನ ಅತಿ ದುಃಖದ ವರ್ಷಗಳೆಂದು ಮುಂದೆ ತಾನೇ ಬರೆದಿಟ್ಟಿದ್ದಾಳೆ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಪವಿತ್ರವಾದ ಶಾಲೆಯಲ್ಲಿಯೂ ಮಗುವೊಂದು ಒಂಟಿಯಾಗಿರಬಹುದು.

ಆದರೂ ಆ ಮಠವೇ ಆಕೆಗೆ ಭಕ್ತಿಜೀವನದ ಬಾಗಿಲನ್ನು ತೆರೆಯಿತೆಂಬುದನ್ನು ಮರೆಯಲಾಗದು. ಕಿರಿಯ ಬಾಲಿಕೆಯರಿಗಾಗಿ ಇದ್ದ ದೇವದೂತರ ಸಂಘಕ್ಕೆ ಸೇರಿ ಅದರ ಪ್ರಾರ್ಥನೆಗಳನ್ನು ಅಕ್ಕರೆಯಿಂದ ಆಚರಿಸಿದಳು. ಧರ್ಮೋಪದೇಶದಲ್ಲಿ ಆಕೆಯ ಉತ್ತರಗಳನ್ನು ಕೇಳಿ ಮೆಚ್ಚಿದ ಗುರುಗಳು ಆಕೆಯನ್ನು ಪುಟ್ಟ ಪಂಡಿತೆಯೆಂದು ಕರೆಯುತ್ತಿದ್ದರು. ಪ್ರಥಮ ಪರಮಪ್ರಸಾದದ ಸಿದ್ಧತೆಗಾಗಿ ಮಠದಲ್ಲಿಯೇ ತಂಗಿದ್ದಾಗ, ಹನ್ನೊಂದು ವರ್ಷವಾಗಿದ್ದರೂ ತಲೆ ಬಾಚಿಕೊಳ್ಳಲರಿಯದೆ ಸಂಕೋಚದಿಂದ ಬಾಚಣಿಗೆಯನ್ನು ಧರ್ಮಭಗಿನಿಯ ಕೈಗಿತ್ತಳು. ರಾತ್ರಿ ಶಿಕ್ಷಕಿಯೊಬ್ಬರು ದೀಪ ಹಿಡಿದು ಬಂದು ಹಾಸಿಗೆಯ ಪರದೆ ಸರಿಸಿ ಆಕೆಯ ಹಣೆಗೆ ಮುತ್ತಿಡುತ್ತಿದ್ದರು. 1884ರ ಮೇ 8ರಂದು ಪ್ರಭುವನ್ನು ಮೊದಲ ಬಾರಿಗೆ ಸ್ವೀಕರಿಸಿದಳು. ಅಂದು ಮಧ್ಯಾಹ್ನ ಸಂಗಾತಿಗಳೆಲ್ಲರ ಪರವಾಗಿ ಮಾತೆ ಮರಿಯಮ್ಮನವರಿಗೆ ಸಮರ್ಪಣಾ ಪ್ರಾರ್ಥನೆಯನ್ನು ಓದಿದವಳೂ ಆಕೆಯೇ.

ಬಳಿಕ ಪಾಪಭೀತಿಯ ತಳಮಳವೂ ತಲೆನೋವೂ ಬಾಧಿಸಿದ್ದರಿಂದ 1886ರ ಆರಂಭದಲ್ಲಿ ತಂದೆ ಆಕೆಯನ್ನು ಶಾಲೆಯಿಂದ ಬಿಡಿಸಿದರು. ಹೀಗೆ ನಡುವೆ ಶಾಲೆ ಬಿಟ್ಟದ್ದರಿಂದ ಮರಿಯ ಪುತ್ರಿಯರ ಸಂಘಕ್ಕೆ ಸೇರುವ ಅವಕಾಶ ಕೈತಪ್ಪಿತು. ಅಕ್ಕಂದಿರಿಗೆ ದೊರೆತ ಆ ಭಾಗ್ಯ ತನಗಿಲ್ಲವಾಯಿತೆಂಬ ಕೊರಗು ಉಳಿಯಿತು. ಕೊನೆಗೆ ತಾನೇ ಹೋಗಿ ಬೇಡಿಕೊಂಡಳು. ವಾರಕ್ಕೆ ಎರಡು ಮಧ್ಯಾಹ್ನ ಮಠಕ್ಕೆ ಬರಬೇಕೆಂಬ ನಿಬಂಧನೆಯೊಡನೆ ಅನುಮತಿ ದೊರೆಯಿತು.

ಆ ಮಧ್ಯಾಹ್ನಗಳು ಸುಲಭವಾಗಿರಲಿಲ್ಲ. ಹಳೆಯ ವಿದ್ಯಾರ್ಥಿನಿಯರಿಗೆ ಅಲ್ಲಿ ತಮ್ಮ ತಮ್ಮ ಮೆಚ್ಚಿನ ಶಿಕ್ಷಕಿಯರಿದ್ದರು. ಈಕೆಗೆ ಯಾರೂ ಇರಲಿಲ್ಲ. ಕೈಗೆಲಸವನ್ನು ಮೌನವಾಗಿ ಮುಗಿಸಿ, ಯಾರೂ ಮಾತನಾಡಿಸದಿದ್ದುದರಿಂದ ಪ್ರಾರ್ಥನಾಲಯದ ಮೇಲಂತಸ್ತಿಗೇರಿ, ತಂದೆ ಕರೆದೊಯ್ಯಲು ಬರುವವರೆಗೆ ದಿವ್ಯ ಪರಮಪ್ರಸಾದದ ಸನ್ನಿಧಿಯಲ್ಲಿ ಕುಳಿತಿರುತ್ತಿದ್ದಳು. ಯೇಸುವೇ ಆಕೆಯ ಏಕೈಕ ಮಿತ್ರರಾದರು. ಸ್ನೇಹಿತೆಯರಿಲ್ಲದ ಆ ಗಳಿಗೆಗಳೇ ಕಾರ್ಮೆಲ್ ಮಠದ ಮೌನಕ್ಕೆ ಆಕೆಯನ್ನು ಅಣಿಗೊಳಿಸಿದವೆಂದು ನಮಗೆ ತೋರುತ್ತದೆ.

1887ರ ಮೇ 29, ಪವಿತ್ರಾತ್ಮರ ಆಗಮನದ ಹಬ್ಬದಂದು, ಕಾರ್ಮೆಲ್ ಸೇರಲು ಆಕೆ ತಂದೆಯ ಅನುಮತಿ ಬೇಡಿದಳು. ಎರಡೇ ದಿನಗಳ ಬಳಿಕ, ಮೇ 31ರಂದು, ಮರಿಯ ಪುತ್ರಿಯಾಗಿ ಅಂಗೀಕೃತಳಾದಳು. ಅದೇ ವರ್ಷದ ನವೆಂಬರ್ 20ರಂದು ರೋಮ್ ನಗರದಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರ ಪಾದದ ಬಳಿಯೂ ಅದೇ ಬೇಡಿಕೆಯನ್ನಿಟ್ಟಳು. 1888ರ ಏಪ್ರಿಲ್ 9ರಂದು, ಹದಿನೈದನೆಯ ವಯಸ್ಸಿನಲ್ಲಿ, ಮಠದ ಬಾಗಿಲು ಆಕೆಗೆ ತೆರೆಯಿತು.

ಅಲ್ಲಿ ಒಂಬತ್ತು ವರ್ಷ ಬಾಳಿ, ಕ್ಷಯರೋಗದಿಂದ ನರಳಿ, 1897ರ ಸೆಪ್ಟೆಂಬರ್ 30ರಂದು ಇಪ್ಪತ್ತನಾಲ್ಕರ ಹರೆಯದಲ್ಲಿ ತೆರೇಸಮ್ಮನವರು ಪ್ರಭುವಿನಲ್ಲಿ ನಿದ್ರಿಸಿದರು. 1925ರ ಮೇ 17ರಂದು ಹನ್ನೊಂದನೆಯ ಪಿಯುಸರು ಅವರನ್ನು ಸಂತರ ಪಂಕ್ತಿಗೆ ಸೇರಿಸಿದರು. 1927ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರೊಡನೆ ಧರ್ಮಪ್ರಚಾರದ ಪಾಲಕರೆಂದು ಸಾರಿದರು. 1997ರಲ್ಲಿ ಎರಡನೆಯ ಜಾನ್ ಪೌಲರು ಅವರಿಗೆ ಧರ್ಮಸಭೆಯ ಪಂಡಿತರೆಂಬ ಪದವಿಯನ್ನಿತ್ತರು. ಶಾಲೆಯ ಗುರುಗಳು ವಾತ್ಸಲ್ಯದಿಂದ ಇಟ್ಟ ಹೆಸರು ಹೀಗೆ ದಿಟವಾಯಿತು. 2015ರಲ್ಲಿ ಅವರ ತಂದೆತಾಯಿಯರೂ ಸಂತರೆಂದು ಘೋಷಿತರಾದರು.

ಅವರು ಕುಳಿತು ಪ್ರಾರ್ಥಿಸಿದ ಆ ಬೆನೆಡಿಕ್ಟೀನ ಮಠವು 1944ರ ಬಾಂಬ್ ದಾಳಿಯಲ್ಲಿ ನಾಶವಾಯಿತು. 1967ರಲ್ಲಿ ಸೊಡಾಲಿಟಿಗಳ ವಿಶ್ವಸಂಘಟನೆಯೂ ಕ್ರೈಸ್ತ ಜೀವನ ಸಮುದಾಯವೆಂಬ ಹೊಸ ಹೆಸರನ್ನು ತಳೆಯಿತು. ಕಟ್ಟಡಗಳು ಉರುಳುತ್ತವೆ, ಸಂಘಗಳ ಹೆಸರುಗಳು ಬದಲಾಗುತ್ತವೆ; ಆದರೆ ಸನ್ನಿಧಿಯಲ್ಲಿ ಕಾದು ಕುಳಿತ ಹೃದಯದ ಫಲ ಉಳಿಯುತ್ತದೆ. ಲಿಟ್ಲ್ ಫ್ಲವರ್ ಎಂಬ ಹೆಸರು ಹೊತ್ತ ಶಾಲೆಗಳು ನಮ್ಮ ನಾಡಿನಲ್ಲಿಯೂ ಇರುವುದು ಅದಕ್ಕೆ ಸಾಕ್ಷಿ.

ನಮ್ಮ ಮಕ್ಕಳ ಕೊರಳಿಗೆ ಪದಕ ತೊಡಿಸುವಾಗ, ಸಾಲಿನ ಕೊನೆಯಲ್ಲಿ ಮಾತಿಲ್ಲದೆ ನಿಂತ ಹುಡುಗಿಯನ್ನೂ ನಾವು ಗಮನಿಸೋಣ. ಆಕೆಯ ಹೆಗಲ ಮೇಲೆ ಕೈಯಿಟ್ಟು ವಿಚಾರಿಸುವುದು ಸಂಘದ ಮೊದಲ ಧರ್ಮವಾಗಲಿ. ಸಂತ ತೆರೇಸಮ್ಮನವರು ನಮ್ಮ ಧರ್ಮಕೇಂದ್ರದ ಬಾಲಿಕೆಯರೆಲ್ಲರಿಗಾಗಿ ಪ್ರಾರ್ಥಿಸಲಿ.