ಬದುಕಿದ್ದಾಗಲೇ ಪಾಲು ಮಾಡಿಕೊಟ್ಟ ದೊರೆ: ಹೊಯ್ಸಳ ಸೋಮೇಶ್ವರ ಮತ್ತು ಮಕ್ಕಳ ದಾಯಾದಿ ಜಗಳ

ಹಳೇಬೀಡು: ಅಪ್ಪ ಗಟ್ಟಿಯಾಗಿರುವಾಗಲೇ ಪಾಲು ಮಾಡಿಬಿಟ್ಟರೆ ಮುಂದೆ ಮಕ್ಕಳು ಕಿತ್ತಾಡಲ್ಲ ಅನ್ನೋ ನಂಬಿಕೆ ಹಳ್ಳಿ ಕಡೆ ಇವತ್ತಿಗೂ ಇದೆ. ಸುಮಾರು 770 ವರ್ಷದ ಹಿಂದೆ ಹೊಯ್ಸಳ ದೊರೆ ವೀರ ಸೋಮೇಶ್ವರ ಮಾಡಿದ್ದೂ ಅದನ್ನೇ. ಹಂಚಿದ್ದು ಎರಡು ಎಕರೆ ತೆಂಗಿನ ತೋಟವಲ್ಲ, ಇಡೀ ರಾಜ್ಯ. ಜಗಳ ಮಾತ್ರ ತಪ್ಪಲಿಲ್ಲ.

ಸೋಮೇಶ್ವರನ ತಂದೆ ಇಮ್ಮಡಿ ನರಸಿಂಹ. ಶತ್ರುಗಳ ಕೈಗೆ ಸಿಕ್ಕ ಚೋಳ ದೊರೆಯನ್ನು ಬಿಡಿಸಿ ಮತ್ತೆ ಪಟ್ಟದಲ್ಲಿ ಕೂರಿಸಿದವನು. ಆಗಿನಿಂದ ಕಾವೇರಿ ಬಯಲಿನಲ್ಲಿ ಹೊಯ್ಸಳರ ಕೈ ಮೇಲಾಯಿತು. ಅಪ್ಪನ ನಂತರ, 1235ರ ಸುಮಾರಿಗೆ, ಸೋಮೇಶ್ವರ ಪಟ್ಟಕ್ಕೆ ಬಂದ. ಆದರೆ ದೋರಸಮುದ್ರದಲ್ಲಿ, ಅಂದರೆ ಈಗಿನ ಹಳೇಬೀಡಿನಲ್ಲಿ, ಅವನು ಇದ್ದದ್ದು ಕಡಿಮೆ. ತಿರುಚಿನಾಪಳ್ಳಿ ಹತ್ತಿರದ ಕಣ್ಣಾನೂರಿನಲ್ಲೇ ಮನೆ ಮಾಡಿಕೊಂಡ. ಈಗ ಸಮಯಪುರಂ ಅಂತ ಹೆಸರು, ಮಾರಿಯಮ್ಮನ ಗುಡಿಗೆ ಇಲ್ಲಿಂದಲೂ ಜನ ಹೋಗ್ತಾರೆ. ತಮಿಳು ಸೀಮೆಯಲ್ಲಿ ಅವನ ಮಾತು ಎಷ್ಟು ನಡೆಯುತ್ತಿತ್ತೆಂದರೆ, ಪಾಂಡ್ಯರ ಶಾಸನದಲ್ಲಿ ಅವನನ್ನು ಮಾವ ಎಂಬ ಅರ್ಥದಲ್ಲಿ ಮಾಮಡಿ ಅಂತಲೇ ಕರೆದಿದ್ದಾರೆ.

ದೊರೆ ದೂರವಿದ್ದರೂ ಈ ಕಡೆ ಕೆಲಸ ನಿಂತಿರಲಿಲ್ಲ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯ ಕೇಶವ, ಸೋಮೇಶ್ವರ ದೇವಸ್ಥಾನಗಳು ಅವನ ಕಾಲದವೇ. ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಅಣ್ಣತಮ್ಮಂದಿರು, ಅದೂ ಒಟ್ಟಾಗಿ. ದೊರೆಯ ಮನೆಯಲ್ಲಿ ಆ ಒಗ್ಗಟ್ಟು ಇರಲಿಲ್ಲ.

ಸೋಮೇಶ್ವರನ ಇಬ್ಬರು ಮಕ್ಕಳು ಇಬ್ಬರು ರಾಣಿಯರಿಗೆ ಹುಟ್ಟಿದವರು. 1254ರಲ್ಲಿ ರಾಜ್ಯ ಎರಡು ಪಾಲಾಯಿತು. ದೋರಸಮುದ್ರವೂ ಕನ್ನಡ ನಾಡಿನ ಬಹುಭಾಗವೂ ಮುಮ್ಮಡಿ ನರಸಿಂಹನಿಗೆ. ಕಣ್ಣಾನೂರು, ತಮಿಳು ಸೀಮೆ, ಜೊತೆಗೆ ಕೋಲಾರದ ಕಡೆಯ ನೆಲ ರಾಮನಾಥನಿಗೆ. ಈ ಕೋಲಾರದ ಕಡೆಯ ತುಂಡೇ ಮುಂದೆ ತಲೆನೋವಾದದ್ದು. ಮಿತಾಕ್ಷರ ಬರೆದ ವಿಜ್ಞಾನೇಶ್ವರ ಈಗಿನ ಬಸವಕಲ್ಯಾಣದಲ್ಲಿ ಇದ್ದವನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನೋದು ಅವನ ತೀರ್ಮಾನ, ಕೋರ್ಟುಗಳು ಅದನ್ನು ಬಹುಕಾಲ ಹಿಡಿದು ನಡೆದವು. ಆದರೆ ಅದು ಮನೆ, ಹೊಲಕ್ಕೆ. ಸಿಂಹಾಸನ ಒಬ್ಬನಿಗೇ ಹೋಗುವುದು ರೂಢಿ. ಸೋಮೇಶ್ವರ ರಾಜ್ಯವನ್ನು ಹೊಲದಂತೆ ತುಂಡು ಮಾಡಿದ.

ಇವತ್ತಾದರೆ ಮಂಡಿ, ಮಳಿಗೆ ಇರುವವರು ವಕೀಲರ ಹತ್ತಿರ ಕೂತು ಚೆಕ್ಕುಬಂದಿ ಸಮೇತ ವಿಭಾಗಪತ್ರ ಬರೆಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ವಿಲ್ ಆದರೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಆ ಕಾಲದಲ್ಲಿ ಸಾಕ್ಷಿಗಿಂತ ದಂಡಿನ ಬಲವೇ ದೊಡ್ಡದು.

ಪಾಲು ಬಂದಾಗ ನರಸಿಂಹ ಹದಿನಾಲ್ಕರ ಹುಡುಗ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಅವನು ಹೋಗಿದ್ದ. ಅಲ್ಲಿನ ಹಳೆ ಶಾಸನದಲ್ಲಿ ತನ್ನ ವಂಶಾವಳಿ ನೋಡಿ ದತ್ತಿ ಬಿಟ್ಟ. ಅಜ್ಜ ಮುತ್ತಜ್ಜಂದಿರ ಹೆಸರು ಓದಿದ ಹುಡುಗನಿಗೆ ಅರ್ಧ ರಾಜ್ಯವೇ ತನ್ನ ಪಾಲು ಅನ್ನಿಸಿದಾಗ ಏನಾಗಿರಬೇಕು!

1260ರ ದಶಕದ ಮೊದಲಲ್ಲೇ ಸೋಮೇಶ್ವರ ಕಾವೇರಿ ಸೀಮೆಯಲ್ಲಿ ಕಾದಾಡಿ ಸತ್ತ. ಕೊಂದದ್ದು ಮಾವ ಅಂತ ಕರೆದ ಆ ಪಾಂಡ್ಯರ ಮನೆಯವರೇ. ಮಕ್ಕಳ ನಡುವೆ ಮಧ್ಯಸ್ಥಿಕೆಗೆ ಇನ್ನು ಯಾರೂ ಉಳಿಯಲಿಲ್ಲ. ಬಡಗಿನ ಸೇವುಣರು 1276ರಲ್ಲಿ ದೋರಸಮುದ್ರದ ಬಾಗಿಲಿಗೇ ದಂಡು ತಂದರು. ಹತ್ತಿರದ ಬೆಳವಾಡಿಯಲ್ಲಿ ಅವರನ್ನು ಹಿಮ್ಮೆಟ್ಟಿಸಿದ್ದಾಗಿ ಹೊಯ್ಸಳ ಶಾಸನಗಳು ಹೇಳುತ್ತವೆ. 1279ರ ಸುಮಾರಿಗೆ ಪಾಂಡ್ಯರು ರಾಮನಾಥನನ್ನು ಕಣ್ಣಾನೂರಿನಿಂದ ಓಡಿಸಿದರು. ತಮಿಳು ಸೀಮೆಯ ಪಾಲು ಕೈಬಿಟ್ಟ ಮೇಲೆ ಅವನು ಹೊಸೂರು ಹತ್ತಿರದ ಕುಂದಾಣಿಗೆ ಬಂದು ಕೂತ. ಅಲ್ಲಿಂದ ದಾಯಾದಿಗಳ ನೇರ ಕಾದಾಟ. ಕೋಲಾರ, ಬೆಂಗಳೂರು ಕಡೆಯ ರೈತರು ಯಾರಿಗೆ ಕಂದಾಯ ಕಟ್ಟಬೇಕು ಅನ್ನೋದೇ ಗೊಂದಲವಾಗಿರಬೇಕು.

ಪಾಲು ಪಡೆದ ಇಬ್ಬರೂ ಸಾಯೋವರೆಗೆ ಇದು ಮುಗಿಯಲಿಲ್ಲ. ನರಸಿಂಹ 1292ರ ಸುಮಾರಿಗೆ, ರಾಮನಾಥ 1295ರಲ್ಲಿ ತೀರಿಕೊಂಡರು. ರಾಮನಾಥನ ಮಗ ವಿಶ್ವನಾಥ ಕೆಲವೇ ವರ್ಷ ಆಳಿದ. ಆಮೇಲೆ ನರಸಿಂಹನ ಮಗ ಮುಮ್ಮಡಿ ಬಲ್ಲಾಳ ಎರಡೂ ಪಾಲನ್ನು ಕೂಡಿಸಿದ. 1301ರಲ್ಲಿ ಕುಂದಾಣಿ ಸೀಮೆಯ ದೇವಸ್ಥಾನ, ಮಠಗಳಿಗೆ ತೆರಿಗೆ ಬಿಟ್ಟುಕೊಟ್ಟು ಹೊಸ ಒಡೆತನ ಸಾರಿದ. ಅಜ್ಜ ಹಂಚಿದ್ದು ಮೊಮ್ಮಗನ ಕೈಯಲ್ಲಿ ಒಂದಾಗಲು ಹತ್ತಿರ ಹತ್ತಿರ ಐವತ್ತು ವರ್ಷ ಹಿಡಿಯಿತು. ಇನ್ನು ಹತ್ತೇ ವರ್ಷಕ್ಕೆ, 1311ರಲ್ಲಿ, ದೆಹಲಿಯ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು.